ಉಲ್ಟಾ ಸುತ್ತುವ ದೊಡ್ಡಪ್ಪ

ನಮ್ಮ ದೊಡ್ಡಪ್ಪ ಯಾರ ಮೇಲೂ ಕೈ ಎತ್ತಿದವರಲ್ಲ, ಯಾರಿಗೂ ಕಲ್ಲು ಹೊಡೆದವರಲ್ಲ. ಆದರೂ ಅವರಿಂದಾಗಿ ಹೈದರಾಬಾದಿನಲ್ಲಿ ಮೊಣಕಾಲು ತರಚಿಕೊಂಡವರು ಕಡಿಮೆಯೇನಿಲ್ಲ! ಅವರು ಮಾಡುತ್ತಿದ್ದುದು ಇಷ್ಟೇ: ದಿನಾ ಬೆಳಿಗ್ಗೆ ಕೈಯಲ್ಲೊಂದು ಛತ್ರಿ ಹಿಡಿದು ಕೆರೆಯ ಸುತ್ತ ಒಂದು ಸುತ್ತು ನಡೆಯುವುದು. ನಡೆಯುವುದರಲ್ಲಿ ತಪ್ಪೇನು ಅಂತೀರಾ? ಏನೂ ಇಲ್ಲ. ಊರವರೆಲ್ಲ ಯಾವ ಕಡೆಯಿಂದ ಸುತ್ತುತ್ತಿದ್ದರೋ ಅದಕ್ಕೆ ಎದುರು ದಿಕ್ಕಿನಿಂದ ನಡೆಯುತ್ತಿದ್ದರು, ಅಷ್ಟೇ.

ಆಗಿನ್ನೂ ಆಂಧ್ರಪ್ರದೇಶ ಎರಡಾಗಿರಲಿಲ್ಲ. ರಾಜಧಾನಿ ಅಂದಮೇಲೆ ಸ್ವಲ್ಪ ಚಂದ ಕಾಣಬೇಡವೇ ಎಂದು ಯಾರಿಗೋ ಅನ್ನಿಸಿ, ಸನತ್‌ನಗರದ ಆಚೆ ನಮ್ಮ ಮನೆಯ ಹತ್ತಿರವಿದ್ದ ಕೆರೆಗೂ ಅದೃಷ್ಟ ಖುಲಾಯಿಸಿತು. ಅಲ್ಲಿಯವರೆಗೆ ಆ ದಂಡೆಗೆ ಎಮ್ಮೆಗಳನ್ನು ಬಿಟ್ಟರೆ ಬೇರೆ ಯಾರೂ ಹವಾ ಸೇವನೆಗೆ ಬರುತ್ತಿರಲಿಲ್ಲ. ಹೂಳು ತೆಗೆದರು, ಜಾಲಿ ಕಡಿದರು, ಓಡುವವರಿಗೂ ಸೈಕಲ್ಲಿನವರಿಗೂ ಅಂತ ಸುತ್ತಲೂ ಮಟ್ಟಸವಾದ ದಾರಿ ಮಾಡಿದರು. ಏರಿಲ್ಲ, ಇಳಿಜಾರಿಲ್ಲ, ಕಲ್ಲಿಲ್ಲ, ಮುಳ್ಳಿಲ್ಲ. ಆಗಷ್ಟೇ ಸೈಕಲ್ ಕಲಿಯುವವರೂ, ಮಂಡಿನೋವಿನ ಮುದುಕರೂ ಧೈರ್ಯವಾಗಿ ಹೋಗಬಹುದಾದ ದಾರಿ. ನೆಲದ ಮೇಲೆ ಅಲ್ಲಲ್ಲಿ ಬಿಳಿ ಬಣ್ಣದ ಬಾಣ ಬೇರೆ ಬರೆದರು. ಗೇಟಿನಿಂದ ಒಳಬಂದವರು ಬಲಕ್ಕೆ ತಿರುಗಿ, ಕೆರೆಯನ್ನು ಎಡಗೈ ಪಕ್ಕಕ್ಕೆ ಇಟ್ಟುಕೊಂಡು ಸುತ್ತಬೇಕೆಂದು ಬಾಣದ ಅಪ್ಪಣೆ. ಇಷ್ಟು ಸುಲಭದ ದಾರಿಯನ್ನು ಕಷ್ಟದ ದಾರಿ ಮಾಡಿದ ಕೀರ್ತಿ ನಮ್ಮ ದೊಡ್ಡಪ್ಪನಿಗೇ ಸಲ್ಲಬೇಕು! ಅವರು ಗೇಟಿನಿಂದ ಒಳಗೆ ಬಂದು, ಬಾಣವನ್ನು ಒಮ್ಮೆ ಕನಿಕರದಿಂದ ನೋಡಿ, ಎಡಕ್ಕೆ ತಿರುಗುತ್ತಿದ್ದರು.

ಅಲ್ಲೊಬ್ಬ ಕಾವಲುಗಾರನಿದ್ದ. ಅವನ ಕೊರಳಲ್ಲೊಂದು ಸೀಟಿ. ಮೊದಲ ದಿನ ದೊಡ್ಡಪ್ಪನನ್ನು ಕಂಡು ಅವನು ಊದಿದ ಸೀಟಿಗೆ ಕೆರೆಯ ಕೊಕ್ಕರೆಗಳೆಲ್ಲ ಎದ್ದು ಹಾರಿದವು. ದೊಡ್ಡಪ್ಪ ಮಾತ್ರ ನಿಲ್ಲಲಿಲ್ಲ. ಅವನೇ ಓಡೋಡಿ ಬಂದು ಅಡ್ಡ ನಿಂತ. ದೊಡ್ಡಪ್ಪ ಹೊರಗಿನವರ ಜೊತೆ ಆಡುವ ಭಾಷೆಯಲ್ಲಿ ಹಿಂದಿ ಎಷ್ಟು, ತೆಲುಗು ಎಷ್ಟು, ಕನ್ನಡ ಎಷ್ಟು ಎಂದು ಬೇರ್ಪಡಿಸಲು ಅವರಿಗೂ ಆಗುತ್ತಿರಲಿಲ್ಲ. ಆ ಸಂಭಾಷಣೆಯನ್ನು ನಾನು ಪೂರ್ತಿ ಕನ್ನಡದಲ್ಲೇ ಹೇಳಿಬಿಡುತ್ತೇನೆ.

“ತಾತಾ, ಬಾಣ ಕಾಣಿಸಲ್ಲವಾ?”

“ಕಾಣಸ್ತೈತಿ. ಭಾಳ ಚಂದ ಬರದಾರ. ಆದರ ಉಲ್ಟಾ ಬರದಾರ.”

“ಉಲ್ಟಾ ನೀವು ಹೋಗುತ್ತಿದ್ದೀರಿ!”

“ಹೌದೇನು? ಕೆರಿ ಅಂದ್ರ ಯಾರಪಾ? ಗಂಗಮ್ಮ. ದೇವರನ್ನ ಯಾವ ಕಡಿಂದ ಸುತ್ತಬೇಕು? ಬಲಗೈ ಕಡೆ ದೇವರು ಇರಬೇಕು. ಈ ಮಂದಿ ಎಲ್ಲಾ ದಿನಾ ಮುಂಜಾನೆ ಎದ್ದು ಅಪ್ರದಕ್ಷಿಣಿ ಹಾಕಾಕತ್ತಾರ. ಊರಿಗೆ ಒಳ್ಳೇದಾಗ್ತೈತಿ?”

ಕಾವಲುಗಾರ ಕೆರೆಯ ಕಟ್ಟೆಯ ಮೇಲಿರುವ ಗ್ರಾಮದೇವತೆ ಮೈಸಮ್ಮನ ಪರಮ ಭಕ್ತ. ಅವನ ಮುಖ ಸಣ್ಣದಾಯಿತು. ಒಮ್ಮೆ ಬಾಣ ನೋಡಿದ, ಒಮ್ಮೆ ಕೆರೆ ನೋಡಿದ, ಕೆನ್ನೆ ಕೆನ್ನೆ ಬಡಿದುಕೊಂಡ. ಮರುದಿನದಿಂದ ಅವನ ಗಸ್ತೂ ಎಡದಿಂದಲೇ ಶುರುವಾಯಿತು! ದೊಡ್ಡಪ್ಪನಿಗೆ ಊದಬೇಕಿದ್ದ ಸೀಟಿಯನ್ನು ಎದುರಿಗೆ ಬರುವ ಸೈಕಲ್ಲುಗಳಿಗೆ ಊದತೊಡಗಿದ, ಹಿರಿಯರು ಬರುತ್ತಿದ್ದಾರೆ ದಾರಿ ಬಿಡಿ ಅಂತ.

ಆದರೆ ಬಂದವರೆಲ್ಲ ಮೈಸಮ್ಮನ ಭಕ್ತರಾಗಿರಬೇಕಲ್ಲ? ಕಿವಿಗೆ ಹಾಡು ಸಿಕ್ಕಿಸಿಕೊಂಡು ಕಣ್ಣು ಅರೆಮುಚ್ಚಿ ಓಡುವವರು ದೊಡ್ಡಪ್ಪನ ಛತ್ರಿಗೆ ಬಂದು ಮುಟ್ಟಿದ ಮೇಲೇ ಕಣ್ಣು ಬಿಡುತ್ತಿದ್ದರು. ಒಬ್ಬ ಮಹಾಶಯ ಬೆರಳಿನಷ್ಟೇ ದಪ್ಪದ ಗಾಲಿಯ, ಬಾಗಿದ ಹ್ಯಾಂಡಲ್ಲಿನ ಸೈಕಲ್ಲಿನಲ್ಲಿ ಬಾಣಕ್ಕಿಂತ ಜೋರಾಗಿ ಬಂದ. ತಿರುವಿನಲ್ಲಿ ದೊಡ್ಡಪ್ಪ ನಿಂತಿದ್ದರು. ಅವರು ದಾರಿಯ ನಟ್ಟನಡುವೆ ನಡೆಯುವವರು, ಯಾರಿಗೂ ಸರಿಯುವವರಲ್ಲ. ಪಾಪ, ಅವನೇ ಸರಿದ. ಸರಿದು ಸರಿದು ಕಣಗಿಲೆ ಪೊದೆಯೊಳಗೆ ಹೋದ. ದೊಡ್ಡಪ್ಪ ಛತ್ರಿಯ ಹಿಡಿಕೆ ಚಾಚಿ ಅವನನ್ನು ಎಳೆದು, “ಗಾಡಿ ಓಡಸೋದು ಬರ್ತೈತಿ, ನಿಲ್ಸೋದು ಇವತ್ತ ಕಲ್ತಿ. ಫೀಸು ಏನೂ ಬ್ಯಾಡ, ಚಹಾ ಕುಡದು ಹೋಗು,” ಎಂದು ಮನೆಗೆ ಕರೆದುಕೊಂಡು ಹೋದರು. ಅವನು ದೊಡ್ಡಮ್ಮನ ಕೈಯ ಚುರುಮುರಿ ಸುಸಲಾ ತಿಂದು, ಇನ್ನೊಮ್ಮೆ ಬೀಳಲೂ ಸಿದ್ಧ ಎಂಬ ಮುಖ ಮಾಡಿಕೊಂಡು ಹೋದ.

ಇಷ್ಟು ಓದಿದ ನೀವು ನಮ್ಮ ದೊಡ್ಡಪ್ಪ ಮಹಾ ದೈವಭಕ್ತರು ಅಂದುಕೊಂಡಿರುತ್ತೀರಿ. ಅಲ್ಲೇ ಇರುವುದು ತಮಾಷೆ! ಮನೆಮಂದಿಯೆಲ್ಲ ದೇವಸ್ಥಾನಕ್ಕೆ ಹೋದರೆ ಅವರು ಹೊರಗೇ ಕೂತುಬಿಡುತ್ತಿದ್ದರು. “ನೀವು ಹೋಗಿ ಬರ್ರಿ, ನಾ ಚಪ್ಪಲಿ ಕಾಯ್ತೀನಿ.” ಎಷ್ಟೋ ಊರುಗಳ ಎಷ್ಟೋ ದೇವರುಗಳ ಬಾಗಿಲಲ್ಲಿ ಅವರು ಚಪ್ಪಲಿ ಕಾದಿದ್ದಾರೆ, ಒಳಗೆ ಮಾತ್ರ ಹೋದದ್ದಿಲ್ಲ. ಹಾಗಾಗಿ ಈ ಗಂಗಮ್ಮನ ಪ್ರದಕ್ಷಿಣೆಯ ಸುದ್ದಿ ದೊಡ್ಡಮ್ಮನ ಕಿವಿಗೆ ಬಿದ್ದಾಗ ಅವರು ಲಟ್ಟಣಿಗೆ ಕೆಳಗಿಟ್ಟರು.

“ಅಂಗಳದಾಗಿನ ತುಳಸಿಗೆ ಒಂದು ಸುತ್ತು ಹಾಕಲಾರದವರು ಇಡೀ ಕೆರಿಗೆ ಸುತ್ತು ಹಾಕಾಕತ್ತಾರಂತ! ಹಾಲು ತರಾಕ ಗಲ್ಲಿ ಮಟಾ ಹೋಗ್ರಿ ಅಂದ್ರ ಕಾಲು ನೋಯ್ತಾವ.”

“ಕೆರಿ ದಾರಿ ಸಪಾಟ ಐತಿ. ಗಲ್ಲ್ಯಾಗ ತೆಗ್ಗು ಅದಾವ,” ಎಂದು ದೊಡ್ಡಪ್ಪ ಪೇಪರಿನೊಳಗೆ ಮುಖ ಹುದುಗಿಸಿದರು.

ದೊಡ್ಡಮ್ಮ ನನ್ನನ್ನು ನೋಡಿ ನಕ್ಕರು. ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ನಮ್ಮಪ್ಪ, ಅಂದರೆ ದೊಡ್ಡಪ್ಪನ ಒಬ್ಬನೇ ತಮ್ಮ, ಸಕ್ಕರೆ ಕಾಯಿಲೆಗೆ ವ್ಯಾಯಾಮ ಮಾಡಲೇಬೇಕು ಎಂದು ಡಾಕ್ಟರ್ ಬೈದ ಮೇಲೆ, ಆ ದಾರಿಯಲ್ಲಿ ದಿನಾ ಸೈಕಲ್ ಹೊಡೆಯಲು ಶುರುಮಾಡಿದ್ದರು. ಅದರ ಮರುವಾರವೇ ದೊಡ್ಡಪ್ಪನಿಗೆ ಗಂಗಮ್ಮ ನೆನಪಾದಳು.

ಹಾಗಾದರೆ ತಮ್ಮನ ಜೊತೆ ಜೋಡಿಯಾಗಿ ಹೋಗಬಾರದಿತ್ತೇ? ಹೋಗಬಹುದಿತ್ತು, ಮಾತು ಇದ್ದಿದ್ದರೆ! ಇಬ್ಬರಿಗೂ ಮಾತು ನಿಂತು ವರ್ಷಗಳೇ ಆಗಿದ್ದವು. ಕಾರಣ ಆಸ್ತಿಯಲ್ಲ, ಮನೆಯಲ್ಲ. ಕಾರಣ ಪಂಚಾಂಗ!

ನಾವು ಗುಲ್ಬರ್ಗಾದ ಕಡೆಯವರು. ಅಜ್ಜ ನೌಕರಿಗೆಂದು ಹೈದರಾಬಾದಿಗೆ ಬಂದವರು ಇಲ್ಲೇ ನಿಂತರು, ಇಲ್ಲೇ ತೀರಿಕೊಂಡರು. ಅವರ ತಿಥಿಯನ್ನು ಹಿರಿಯ ಮಗನ ಮನೆಯಲ್ಲಿ ಮಾಡುವುದು ರೂಢಿ. ದೇವರ ಗೊಡವೆ ಬೇಡವೆನ್ನುವ ದೊಡ್ಡಪ್ಪನಿಗೂ ಅಪ್ಪನ ಊಟ ಮಾತ್ರ ತಪ್ಪಬಾರದು. ದೊಡ್ಡಪ್ಪ ನೋಡುತ್ತಿದ್ದದ್ದು ಗುಲ್ಬರ್ಗಾದಿಂದ ತರಿಸಿದ ಕನ್ನಡ ಪಂಚಾಂಗ. ನಮ್ಮಪ್ಪ ನೋಡುತ್ತಿದ್ದದ್ದು ಬೇಗಂ ಬಜಾರಿನಿಂದ ತಂದ ತೆಲುಗು ಪಂಚಾಂಗ. ಉಳಿದ ವರ್ಷಗಳಲ್ಲಿ ಎರಡೂ ಹೇಗೋ ಹೊಂದಿಕೊಂಡು ಹೋಗುತ್ತಿದ್ದವು. ಒಂದು ವರ್ಷ ಎರಡಕ್ಕೂ ಒಂದು ದಿನದ ಅಂತರ ಬಿತ್ತು. ಇಬ್ಬರೂ ತಂತಮ್ಮ ಪಂಚಾಂಗ ನೋಡಿಕೊಂಡು ಸುಮ್ಮನಿದ್ದರು. ಕೇಳುವುದೇನಿದೆ, ತಿಥಿ ಎಂದರೆ ತಿಥಿ ಅಲ್ಲವೇ?

ಸೋಮವಾರ ದೊಡ್ಡಪ್ಪನ ಮನೆಯಲ್ಲಿ ಎಲ್ಲರೂ ನಮ್ಮಪ್ಪನಿಗಾಗಿ ಕಾದು ಕಾದು, ಕಡೆಗೆ ಅವರಿಲ್ಲದೆಯೇ ತಿಥಿ ಮುಗಿಸಿದರು. ಮಂಗಳವಾರ ಬೆಳಿಗ್ಗೆ ನಮ್ಮಪ್ಪ ಉಪವಾಸವಿದ್ದು, ಮಡಿ ಪಂಚೆಯುಟ್ಟು, ಕೈಯಲ್ಲಿ ಬಾಳೆ ಎಲೆಯ ಕಟ್ಟು ಹಿಡಿದು ಅಣ್ಣನ ಮನೆಗೆ ಹೋದರು. ಹಿಂದೆ ನಾನು. ದೊಡ್ಡಪ್ಪ ಪಡಸಾಲೆಯಲ್ಲಿ ಕೂತು ನಿನ್ನೆ ಉಳಿದ ವಡೆ ತಿನ್ನುತ್ತಿದ್ದರು.

“ಅಪ್ಪಗ ನಿನ್ನೇನ ಊಟ ಆತು. ನೀ ಇವತ್ತ ಬಂದಿ?” ಎಂದರು ದೊಡ್ಡಪ್ಪ.

“ಅಪ್ಪ ಬರೋದ ಇವತ್ತ. ನಿನ್ನೆ ಯಾರಿಗೆ ಉಣಿಸಿದಿ?” ಎಂದರು ಅಪ್ಪ.

ನನಗೆ ನಗು ಬಂತು. ಬೇರೆ ಯಾರಿಗೂ ಬರಲಿಲ್ಲ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ದೊಡ್ಡಪ್ಪ, “ಇನ್ನೊಬ್ಬರ ಪಂಚಾಂಗ ನೋಡಿ ನಮ್ಮಪ್ಪನ ತಿಥಿ ಮಾಡಾಂವ ನನ್ನ ತಮ್ಮ ಅಲ್ಲ,” ಎಂದುಬಿಟ್ಟರು. ಅಪ್ಪ ಎಲೆಯ ಕಟ್ಟನ್ನು ಕಟ್ಟೆಯ ಮೇಲಿಟ್ಟು, “ಆತು. ಅಲ್ಲ ಅಂದ್ರ ಅಲ್ಲ,” ಎಂದು ಹೊರಟುಬಂದರು. ಅಷ್ಟೇ. ಹೆಂಗಸರು, ಮಕ್ಕಳು ಎರಡೂ ಮನೆಗೆ ಓಡಾಡಿಕೊಂಡೇ ಇದ್ದರು. ಇವರಿಬ್ಬರು ಮಾತ್ರ ಒಬ್ಬರ ಹೊಸ್ತಿಲು ಒಬ್ಬರು ತುಳಿಯಲಿಲ್ಲ. ಅಜ್ಜನಿಗೆ ಅಲ್ಲಿಂದಾಚೆ ಎರಡೆರಡು ಕಡೆ ತಿಥಿ ನಡೆಯಿತು. ಊಟ ದುಪ್ಪಟ್ಟಾಯಿತು, ಆದರೆ ಎರಡೂ ಕಡೆ ಒಬ್ಬೊಬ್ಬನೇ ಮಗ.

ಈಗ ನಿಮಗೆ ಉಲ್ಟಾ ನಡಿಗೆಯ ಮರ್ಮ ಹೊಳೆದಿರಬೇಕು. ಬಾಣದ ಪ್ರಕಾರ ನಡೆದರೆ ತಮ್ಮನ ಬೆನ್ನು ಮಾತ್ರ ಕಾಣುತ್ತದೆ. ಎದುರು ದಿಕ್ಕಿನಿಂದ ಹೊರಟರೆ? ದೊಡ್ಡಪ್ಪನ ಒಂದು ಸುತ್ತು ಮುಗಿಯುವಷ್ಟರಲ್ಲಿ ಅಪ್ಪನ ಸೈಕಲ್ಲಿನದು ಮೂರು ನಾಲ್ಕು ಸುತ್ತು ಆಗುತ್ತಿತ್ತು. ಅಷ್ಟು ಸಲವೂ ಮುಖಾಮುಖಿ! ನೌಕರಿಯಲ್ಲಿದ್ದಾಗ ಲೆಕ್ಕದಲ್ಲಿ ಅಷ್ಟಕ್ಕಷ್ಟೇ ಎನಿಸಿಕೊಂಡಿದ್ದ ದೊಡ್ಡಪ್ಪ ಈ ಲೆಕ್ಕವನ್ನು ಮಾತ್ರ ತಪ್ಪಿಲ್ಲದೆ ಹಾಕಿದ್ದರು.

ರಜೆಯ ದಿನ ನಾನೂ ದೊಡ್ಡಪ್ಪನ ಜೊತೆ ಹೋಗುತ್ತಿದ್ದೆ. ದೂರದಲ್ಲಿ ಅಪ್ಪನ ಹಳೇ ಕಪ್ಪು ಸೈಕಲ್ ಕಂಡ ಕೂಡಲೇ, ಯಾರಿಗೂ ಸರಿಯದ ದೊಡ್ಡಪ್ಪ ದಾರಿ ಬಿಟ್ಟು ಹುಲ್ಲಿಗೆ ಇಳಿದು ನಿಲ್ಲುತ್ತಿದ್ದರು. ತಮ್ಮನಿಗೆ ಪೂರ್ತಿ ದಾರಿ! ಮುಖವನ್ನು ಕೆರೆಯ ಕಡೆ ತಿರುಗಿಸಿಕೊಂಡು, ಕಣ್ಣು ಮಾತ್ರ ಸೈಕಲ್ಲಿನ ಮೇಲೆ. ಹತ್ತಿರ ಬಂದಾಗ ಪಕ್ಕದ ಬೇವಿನ ಮರಕ್ಕೆ ಕೇಳುವಂತೆ ಗಟ್ಟಿಯಾಗಿ ಹೇಳುತ್ತಿದ್ದರು:

“ಥಂಡಿ ಭಾಳ ಐತಿ. ಶುಗರ್ ಇದ್ದವರು ಸ್ವೆಟರ್ ಹಾಕ್ಕೋಬೇಕು.”

ಬೇವಿನ ಮರಕ್ಕೆಲ್ಲಿಯ ಶುಗರ್! ಅಪ್ಪ ಏನೂ ಕೇಳಿಸದವರಂತೆ ಸಾಗಿದರು. ಮರುದಿನ ಮೈಮೇಲೆ ಸ್ವೆಟರ್ ಇತ್ತು.

ಸುದ್ದಿ ಉದ್ದವಾಗಿದ್ದರೆ ಕಂತುಗಳಲ್ಲಿ ಬರುತ್ತಿತ್ತು. ಮೊದಲನೇ ಸಲ ಎದುರಾದಾಗ ಒಂದು ಕಲ್ಲುಬೆಂಚಿಗೆ, “ಅಕ್ಕನ ಫೋನ್ ಬಂದಿತ್ತು.” ಅಪ್ಪ ಹೋದರು. ಒಂದು ಸುತ್ತು ಹೊಡೆದು ಬಂದರು. ಈ ಸಲ ಮಲಗಿದ್ದ ನಾಯಿಗೆ, “ಐತವಾರ ಮುಂಜಾನಿ ಟ್ರೇನಿಗೆ ಬರಾಕತ್ತಾಳ.” ಮತ್ತೊಂದು ಸುತ್ತು. “ನನಗ ಸ್ಟೇಶನ್ನಿಗೆ ಹೋಗಾಕ ಆಗಂಗಿಲ್ಲ. ಯಾರರೆ ಹೋದ್ರ ಛಲೋ.” ಅಪ್ಪ ಟ್ರಿಣ್ ಎಂದು ಗಂಟೆ ಬಾರಿಸಿದರು. ಅಂದರೆ ನಾನು ಹೋಗುತ್ತೇನೆ ಅಂತ! ಆ ದಿನ ಅಪ್ಪ ಪೂರ್ತಿ ಸುದ್ದಿ ಕೇಳುವುದಕ್ಕಾಗಿಯೇ ಒಂದು ಸುತ್ತು ಹೆಚ್ಚು ತುಳಿದಿದ್ದರು. ಅಪ್ಪನ ಸಕ್ಕರೆ ಹತೋಟಿಗೆ ಬಂದಿದೆ ಎಂದು ಡಾಕ್ಟರ್ ಬೆನ್ನು ತಟ್ಟಿದರಂತೆ. ಅದರ ಶ್ರೇಯಸ್ಸು ಮಾತ್ರೆಗೆ ಹೋಯಿತು, ನಮ್ಮ ಸೋದರತ್ತೆಯ ಫೋನಿಗೆ ಹೋಗಬೇಕಿತ್ತು.

ಮರ, ಬೆಂಚು, ನಾಯಿಗಳ ಜೊತೆ ಮಾತಾಡುವ ತಾತನಿಗೆ ತಲೆ ಸರಿಯಿಲ್ಲ ಎಂದು ಓಡುವವರು ತೀರ್ಮಾನಿಸಿದರು. ಒಂದು ದಿನ ದೊಡ್ಡಪ್ಪ ನಾಯಿಗೆ, “ಔಷಧ ಬರೋಬ್ಬರಿ ತಗೊಳ್ಳಾಕತ್ತಿ ಇಲ್ಲೋ?” ಎಂದು ಗದರುತ್ತಿದ್ದಾಗ ಹೆಂಗಸೊಬ್ಬರು ನನ್ನ ಹತ್ತಿರ ಬಂದು, ಹಿಮಾಯತ್‌ನಗರದಲ್ಲಿ ಮನಸ್ಸಿನ ಡಾಕ್ಟರೊಬ್ಬರಿದ್ದಾರೆ, ಒಮ್ಮೆ ತೋರಿಸಿ ಎಂದು ಪಿಸುಗುಟ್ಟಿದರು. “ಯಾರನ್ನ ತೋರಿಸಲಿ ಅಮ್ಮಾ, ಅವರನ್ನೋ, ಅಲ್ಲಿ ಸೈಕಲ್ ಮೇಲೆ ಬರುತ್ತಿರುವವರನ್ನೋ?” ಎಂದೆ. ಅವರು ನನ್ನನ್ನೂ ಅದೇ ಲೆಕ್ಕಕ್ಕೆ ಸೇರಿಸಿಕೊಂಡು ಬೇಗ ಬೇಗ ಓಡಿಹೋದರು.

ಒಂದು ಸಲ ಮಾತ್ರ ಎಲ್ಲ ಸರಿಹೋಗಿಬಿಡುತ್ತದೆ ಅನ್ನಿಸಿತ್ತು. ಸರಿಯಾಗಿ ದೊಡ್ಡಪ್ಪನ ಎದುರಿಗೇ ಅಪ್ಪನ ಸೈಕಲ್ಲಿನ ಚೈನು ಕಳಚಿತು. ಅಪ್ಪ ಇಳಿದು, ಸ್ಟ್ಯಾಂಡ್ ಹಾಕಿ, ಕುಕ್ಕುರುಗಾಲಲ್ಲಿ ಕೂತರು. ಸಣ್ಣಗೆ ಮಳೆ ಹನಿಯುತ್ತಿತ್ತು. ದೊಡ್ಡಪ್ಪ ಹುಲ್ಲಿನ ಮೇಲೆ ನಿಂತವರು ನಿಧಾನಕ್ಕೆ ಛತ್ರಿ ಬಿಚ್ಚಿದರು. ಮುಖ ಕೆರೆಯ ಕಡೆಗೇ ಇತ್ತು, ಕೈ ಮಾತ್ರ ಚಾಚುತ್ತಾ ಚಾಚುತ್ತಾ ಅಪ್ಪನ ತಲೆಯ ಮೇಲೆ ಛತ್ರಿ ತಂದು ನಿಲ್ಲಿಸಿತು. ಅವರ ಹೆಗಲು ತೊಯ್ಯುತ್ತಿತ್ತು.

“ಹಿಂದಿನ ಗಾಲಿ ಕಡಿಂದ ಏರಿಸಬೇಕು,” ಎಂದರು ಮರಕ್ಕೆ.

“ಗೊತ್ತೈತಿ,” ಎಂದರು ಅಪ್ಪ ಪೆಡಲಿಗೆ.

ಇನ್ನೊಂದೇ ಮಾತು ಬೇಕಿತ್ತು. ಅಣ್ಣಾ ಅಂತ ಇವರಾದರೂ ಅನ್ನಬಹುದಿತ್ತು, ಚಹಾಕ್ಕೆ ಬಾ ಅಂತ ಅವರಾದರೂ ಅನ್ನಬಹುದಿತ್ತು. ಪೊದೆಗೆ ಬಿದ್ದ ಗುರುತಿಲ್ಲದವನನ್ನು ಚಹಾಕ್ಕೆ ಕರೆದವರಲ್ಲವೇ? ಚೈನು ಕೂತಿತು. ಅಪ್ಪ ಕೈಗೆ ಹತ್ತಿದ ಎಣ್ಣೆಯನ್ನು ಹುಲ್ಲಿಗೆ ಒರೆಸಿ, ಸೈಕಲ್ ಹತ್ತಿದರು. ಸ್ವಲ್ಪ ದೂರ ಹೋಗಿ ಗಂಟೆ ಬಾರಿಸಿದರು. ದೊಡ್ಡಪ್ಪ ಛತ್ರಿ ಮಡಚದೆ ಹಾಗೇ ನೋಡುತ್ತಾ ನಿಂತರು. “ನಾಳೆ ಮಾತಾಡಿಸ್ತೀನಿ,” ಎಂದರು. ಈ ಸಲ ಮರಕ್ಕಲ್ಲ, ನನಗೇ.

ಆ ನಾಳೆ ಎಷ್ಟೋ ಸಲ ಬಂತು. ಪ್ರತಿ ಸಲವೂ ಸೈಕಲ್ ಕಂಡ ಕೂಡಲೇ ಕಾಲು ತಾನಾಗಿಯೇ ಹುಲ್ಲಿಗೆ ಸರಿಯುತ್ತಿತ್ತು.

ಒಂದು ಬೆಳಿಗ್ಗೆ ಅಪ್ಪ ಕೆರೆಗೆ ಹೋಗಲಿಲ್ಲ. ಎದೆಯಲ್ಲಿ ಏನೋ ಹಿಡಿದಂತಿದೆ ಎಂದು ಕುರ್ಚಿಯಲ್ಲಿ ಕೂತವರು, ನಾನು ಆಟೋ ತರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಅತ್ತ ದೊಡ್ಡಪ್ಪ ಕೆರೆಗೆ ಒಂದು ಸುತ್ತು ಹಾಕಿ ನೋಡಿದರಂತೆ. ಮತ್ತೊಂದು ಸುತ್ತು ಹಾಕಿದರಂತೆ. ಕಾವಲುಗಾರನನ್ನು ಕೇಳಿದರಂತೆ. ಆಮೇಲೆ ಸೀದಾ ನಮ್ಮ ಮನೆಯ ಹಾದಿ ಹಿಡಿದರು. ಅವರಿಗೆ ಇನ್ನೂ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ. ಜಗಳದ ನಂತರ ಮೊದಲ ಸಲ ನಮ್ಮ ಮೆಟ್ಟಿಲು ಹತ್ತಿದ ದೊಡ್ಡಪ್ಪ, ವರಾಂಡದಲ್ಲಿ ನಿಂತಿದ್ದ ಕಪ್ಪು ಸೈಕಲ್ಲಿನ ಸೀಟಿನ ಮೇಲೆ ಕೈಯಿಟ್ಟು, ಒಳಗೆ ಕೇಳುವಂತೆ ಗಟ್ಟಿಯಾಗಿ, “ಯಾಕಪಾ, ಇವತ್ತ ಯಾಕ ಬರಲಿಲ್ಲ?” ಎಂದರು. ಒಳಗಿನಿಂದ ಅಮ್ಮನ ಅಳು ಕೇಳಿಸಿತು. ಸೈಕಲ್ಲನ್ನು ಹಿಡಿದುಕೊಂಡೇ ಅವರು ಕೆಳಗೆ ಕುಸಿದರು. ಆ ದೃಶ್ಯ ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ವರ್ಷದ ಮೇಲೆ ಅಪ್ಪನ ತಿಥಿ ಬಂತು. ನನಗೆ ಪೇಚಿಗಿಟ್ಟುಕೊಂಡಿತು. ಪಂಚಾಂಗಗಳು ಮತ್ತೆ ಜಗಳವಾಡುತ್ತಿದ್ದವು, ಒಂದರಲ್ಲಿ ಇವತ್ತು, ಇನ್ನೊಂದರಲ್ಲಿ ನಾಳೆ! ಯಾವುದನ್ನು ನೋಡಲಿ ಎಂದು ದೊಡ್ಡಪ್ಪನನ್ನು ಕೇಳುವ ಧೈರ್ಯವಿರಲಿಲ್ಲ. ಅವರೇ ಬಂದರು. ಕೈಯಲ್ಲಿ ಬೇಗಂ ಬಜಾರಿನಿಂದ ತಾವೇ ಹೋಗಿ ತಂದ ತೆಲುಗು ಪಂಚಾಂಗ. ನನ್ನ ಕೈಗಿಟ್ಟು, “ಇದರಂಗ ಮಾಡು. ಅವಾ ಇದನ್ನ ನೋಡಿಕೊಂಡ ಬರ್ತಾನ. ಹಸಕೊಂಡು ಬಂದು ನಿಂದ್ರೋದು ಬ್ಯಾಡ ಈ ಸಲ,” ಎಂದರು.

ತಿಥಿಯ ಮರುದಿನ ಬೆಳಿಗ್ಗೆ ನಾನೇ ಅವರನ್ನು ಕೆರೆಗೆ ಕರೆದುಕೊಂಡು ಹೋದೆ. ಅಪ್ಪ ಹೋದಮೇಲೆ ಅವರು ಆ ಕಡೆ ಹಾಯ್ದಿರಲಿಲ್ಲ. ಗೇಟಿನೊಳಗೆ ಕಾಲಿಟ್ಟು ನಾನು ರೂಢಿಯಂತೆ ಎಡಕ್ಕೆ ತಿರುಗಿದೆ. ದೊಡ್ಡಪ್ಪ ಬಲಕ್ಕೆ ತಿರುಗಿದರು, ಬಾಣದ ಹಾದಿಗೆ. ಕಾವಲುಗಾರ ದೂರದಿಂದ ಕೂಗಿದ, “ತಾತಾ, ಇವತ್ತು ಉಲ್ಟಾ ಹೊರಟಿರಲ್ಲಾ! ಗಂಗಮ್ಮ?”

“ಆ ಕಡಿಂದ ಹೋದ್ರ ಎದುರಿಗೆ ಇನ್ನ ಯಾರು ಬರ್ತಾರಪಾ?” ಎಂದರು ದೊಡ್ಡಪ್ಪ.

ಬೇವಿನ ಮರ ಬಂತು. ಅದಕ್ಕೆ ಹೇಳುವುದೇನೂ ಉಳಿದಿರಲಿಲ್ಲ. ದೊಡ್ಡಪ್ಪ ಛತ್ರಿಯನ್ನು ನೆಲಕ್ಕೂರಿ ನನ್ನ ಮುಖ ನೋಡಿದರು.

“ಬೇಟಾ, ಈ ದಾರ್ಯಾಗ ಗುರ್ತಿಲ್ಲದ ಮಂದಿಗೆಲ್ಲಾ ಅಡ್ಡ ನಿಂತೆ. ಎಲ್ಲಾರೂ ಬ್ರೇಕ್ ಹಿಡದು ನಿಂತ್ರು. ಅವನೊಬ್ಬಗ ಮಾತ್ರ ದಾರಿ ಬಿಟ್ಟುಕೊಟ್ಟೆ.”

ಹಿಂದಿನಿಂದ ಯಾರದೋ ಸೈಕಲ್ಲಿನ ಗಂಟೆ ಕೇಳಿಸಿತು. ದೊಡ್ಡಪ್ಪ ನನ್ನ ಕೈ ಹಿಡಿದುಕೊಂಡು ಹುಲ್ಲಿಗೆ ಇಳಿದರು. ಸೈಕಲ್ ಹೋಗಿ ಬಹಳ ಹೊತ್ತಾದರೂ ದಾರಿಗೆ ಮರಳಲಿಲ್ಲ.